ಗಣಕಯಂತ್ರದ ವೇಗಕ್ಕೊಂದು ಹತೋಟಿ

ಹಳೆಯ ವಿದ್ಯಾರ್ಥಿಗಳು ತಾವು ಕಲಿತ ಶಾಲೆಗೆ ಸಲ್ಲಿಸುವ ಕಾಣಿಕೆಗಳ ಸ್ವರೂಪವು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಒಂದು ಕಾಲಕ್ಕೆ ಅದು ಗೋಡೆ ಗಡಿಯಾರ, ನಕಾಶೆ, ಪುಸ್ತಕದ ಬೀರು ಅಥವಾ ಬೆಂಚುಗಳ ರೂಪದಲ್ಲಿ ಬರುತ್ತಿತ್ತು. ಈಗ ಲ್ಯಾಪ್‌ಟಾಪಿನ ರೂಪದಲ್ಲಿಯೂ ಬರುತ್ತದೆ. ನೌಕರಿಯ ನಿಮಿತ್ತ ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ನೆಲೆಸಿದವರು ನಾಲ್ಕೈದು ವರ್ಷ ದುಡಿಸಿಕೊಂಡ ಯಂತ್ರವನ್ನು ಊರಿನ ಶಾಲೆಗೆ ಕೊಡುತ್ತಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಮುಗಿದ ತರುವಾಯ ಇಂಥ ಯಂತ್ರಗಳ ಪ್ರಶ್ನೆ ಇನ್ನಷ್ಟು ಮುಂದಕ್ಕೆ ಬಂದಿದೆ. ವಿಂಡೋಸ್ 11 ಕೇಳುವ ಅರ್ಹತೆಗಳು ಅವುಗಳಲ್ಲಿ ಅನೇಕಕ್ಕೆ ಇಲ್ಲ. ಆದರೆ ಯಂತ್ರಗಳು ಕೆಟ್ಟಿಲ್ಲ. ಹೀಗಿರಲಾಗಿ ಅವುಗಳಲ್ಲಿ ಲಿನಕ್ಸನ್ನು ಅಳವಡಿಸಿ ತರಗತಿಗೆ ತರುವುದು ಸಹಜವಾದ ದಾರಿ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲ ಎಂಬುದು ಒಂದು ಅನುಕೂಲ. ಅದು ಯಂತ್ರದ ಒಳಗನ್ನು ಬಳಸುವವನಿಂದ ಮುಚ್ಚಿಡುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಅನುಕೂಲ.

ಇದು ಕೇವಲ ಹವ್ಯಾಸಿಗಳ ಮಾತಲ್ಲ. ಕೇರಳ ಸರ್ಕಾರವು ತನ್ನ ಶಾಲೆಗಳ ಗಣಕಶಿಕ್ಷಣವನ್ನು ಲಿನಕ್ಸಿನ ಮೇಲೆ ನಿಲ್ಲಿಸಿ ಒಂದೂವರೆ ದಶಕಕ್ಕೂ ಮೇಲಾಯಿತು. ಅಲ್ಲಿನ ಕೈಟ್ ಸಂಸ್ಥೆಯು ಶಾಲೆಗಳಿಗಾಗಿಯೇ ಸಿದ್ಧಪಡಿಸುವ ಲಿನಕ್ಸ್ ಆವೃತ್ತಿಯನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಬಳಸುತ್ತಾರೆ.

ಆದರೆ ದಾನವಾಗಿ ಬಂದ ಹಳೆಯ ಲ್ಯಾಪ್‌ಟಾಪಿನ ಬಗೆಗೆ ಶಿಕ್ಷಕರಿಂದ ಎರಡು ದೂರುಗಳು ಬರುವುದುಂಟು. ಯಂತ್ರ ಕೈಯಿಡಲಾಗದಷ್ಟು ಕಾಯುತ್ತದೆ, ಕರೆಂಟು ಹೋದರೆ ಪಾಠ ಮುಗಿಯುವ ಮೊದಲೇ ಆರಿಹೋಗುತ್ತದೆ ಎಂಬುದು ಮೊದಲನೆಯದು. ಎರಡನೆಯದು ಇದಕ್ಕೆ ತದ್ವಿರುದ್ಧವಾದುದು: ಯಂತ್ರ ಏರುದಾರಿಯ ಚಕ್ಕಡಿಯಂತೆ ನಡೆಯುತ್ತದೆ, ಒಂದು ಚಿತ್ರ ತೆರೆಯಲು ನಿಮಿಷ ಹಿಡಿಯುತ್ತದೆ. ಎರಡೂ ಸಂದರ್ಭದಲ್ಲಿ ಯಂತ್ರವು ಕೊನೆಗೆ ಬೀರುವನ್ನು ಸೇರುತ್ತದೆ. ಈ ಎರಡು ದೂರುಗಳು ಬಹಳ ಸಲ ಒಂದೇ ಸಂಗತಿಗೆ ಸಂಬಂಧಿಸಿರುತ್ತವೆ. ಆ ಸಂಗತಿಯೇ ಯಂತ್ರದ ಪ್ರೊಸೆಸರಿನ ವೇಗ. ಅದು ಎಷ್ಟಿದೆ, ಏಕೆ ಅಷ್ಟಿದೆ ಎಂದು ನೋಡದೆ ಯಂತ್ರವನ್ನು ಕೆಲಸಕ್ಕೆ ಬಾರದ್ದೆಂದು ತೀರ್ಮಾನಿಸುವುದು ನಾಡಿ ಹಿಡಿಯದೆ ರೋಗ ಹೇಳಿದಂತಾಗುತ್ತದೆ.

ಪ್ರೊಸೆಸರಿನೊಳಗೆ ಎಲ್ಲ ಕಾರ್ಯವೂ ಒಂದು ತಾಳಕ್ಕೆ ಅನುಸಾರವಾಗಿ ನಡೆಯುತ್ತದೆ. ತಾಳದ ಒಂದೊಂದು ಬಡಿತಕ್ಕೆ ಲೆಕ್ಕದ ಒಂದೊಂದು ಹೆಜ್ಜೆ ಮುಂದೆ ಸಾಗುತ್ತದೆ. ಒಂದು ಸೆಕೆಂಡಿಗೆ ಎಷ್ಟು ಬಡಿತ ಎಂಬುದೇ ವೇಗದ ಅಳತೆ. 1971ರಲ್ಲಿ ಇಂಟೆಲ್ ಕಂಪನಿಯು ಹೊರತಂದ 4004 ಎಂಬ ಮೊದಲ ಮೈಕ್ರೊಪ್ರೊಸೆಸರಿನ ವೇಗ ಗರಿಷ್ಠ ಪಕ್ಷ ಸೆಕೆಂಡಿಗೆ 7 ಲಕ್ಷ 40 ಸಾವಿರ ಬಡಿತ. ಈಗ ಶಾಲೆಯ ಮೇಜಿನ ಮೇಲೆ ಕುಳಿತ ಸಾಧಾರಣ ಲ್ಯಾಪ್‌ಟಾಪಿನ ವೇಗ 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಬಡಿತ. ಈ ಓಟವು ಹೀಗೆಯೇ ಏರುತ್ತ ಹೋದೀತೆಂದು ಬಹುಕಾಲ ಎಲ್ಲರೂ ನಂಬಿದ್ದರು. 2004ರಲ್ಲಿ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತು. 4 ಗಿಗಾಹರ್ಟ್ಸಿನ ಪೆಂಟಿಯಂ 4 ಅನ್ನು ತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ವೇಗದೊಂದಿಗೆ ಬೆಳೆಯುತ್ತಿದ್ದ ಶಾಖವನ್ನು ಹೊರಹಾಕುವುದೇ ದೊಡ್ಡ ಅಡಚಣೆಯಾಗಿತ್ತು. ವೇಗವನ್ನು ಏರಿಸುವ ಜಾಣ್ಮೆಗಿಂತ ಬೇಕಾದಾಗ ಇಳಿಸುವ ಜಾಣ್ಮೆಗೆ ಅಂದಿನಿಂದ ಹೆಚ್ಚು ಬೆಲೆ ಬಂದಿತು.

ವೇಗಕ್ಕೂ ಶಾಖಕ್ಕೂ ಇರುವ ನಂಟು ಸರಳವಾದುದು. ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ. ರಾಮದುರ್ಗದ ಕೈಮಗ್ಗವನ್ನು ನೋಡಿದವರಿಗೆ ಅದನ್ನು ತಿಳಿಸುವುದು ಸುಲಭ. ಲಾಳಿಯು ಬಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಹಾಯ್ದ ಬಳಿಕವೇ ಹಣಿಗೆ ಬಡಿಯಬೇಕು. ನಡುವೆಯೇ ಬಡಿದರೆ ನೂಲು ಹರಿಯುತ್ತದೆ. ಆದುದರಿಂದ ಬಡಿತವನ್ನು ತೀವ್ರಗೊಳಿಸಬೇಕೆಂದರೆ ಲಾಳಿಯನ್ನೂ ಹೆಚ್ಚು ಬಲದಿಂದ ಎಸೆಯಬೇಕಾಗುತ್ತದೆ. ಪ್ರೊಸೆಸರಿನಲ್ಲಿ ಆ ಬಲದ ಹೆಸರು ವೋಲ್ಟೇಜು. ಒಂದು ಬಡಿತ ಮುಗಿಯುವುದರೊಳಗಾಗಿ ಅಲ್ಲಿರುವ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಲ್ಲಿ ಬದಲಾಗಬೇಕಾದವೆಲ್ಲ ತಮ್ಮ ಸ್ಥಿತಿ ಬದಲಾಯಿಸಿ ಮುಗಿಸಿರಬೇಕು. ಬಡಿತ ಚುರುಕಾದಷ್ಟೂ ವೋಲ್ಟೇಜು ಹೆಚ್ಚು ಬೇಕು. ಬಡಿತ ನಿಧಾನವಾದರೆ ವೋಲ್ಟೇಜನ್ನೂ ಇಳಿಸಬಹುದು.

ಇಲ್ಲಿಯೇ ಲಾಭವಿರುವುದು. ಟ್ರಾನ್ಸಿಸ್ಟರುಗಳ ಚಲನೆಗೆ ತಗಲುವ ವಿದ್ಯುತ್ತು ವೇಗದ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಬೆಳೆಯುತ್ತದೆ. ಉದಾಹರಣೆಗೆ ಒಂದು ಪ್ರೊಸೆಸರು 2.4 ಗಿಗಾಹರ್ಟ್ಸ್ ವೇಗದಲ್ಲಿ 1.2 ವೋಲ್ಟು ಬೇಡುತ್ತ 15 ವ್ಯಾಟ್ ನುಂಗುತ್ತದೆಂದು ಭಾವಿಸೋಣ. ವೇಗವನ್ನು ಅರ್ಧಕ್ಕೆ, ಅಂದರೆ 1.2 ಗಿಗಾಹರ್ಟ್ಸಿಗೆ ಇಳಿಸಿದಾಗ ಅದಕ್ಕೆ 0.9 ವೋಲ್ಟು ಸಾಕೆನ್ನೋಣ. ವೇಗ ಅರ್ಧವಾದುದರಿಂದ ವೆಚ್ಚ ಅರ್ಧಕ್ಕೆ ಇಳಿಯಿತು. ವೋಲ್ಟೇಜು ಮುಕ್ಕಾಲಾದುದರಿಂದ ಆ ಅರ್ಧವೂ ನೂರಕ್ಕೆ 56ಕ್ಕೆ ಇಳಿಯಿತು. ಎರಡನ್ನೂ ಗುಣಿಸಿದರೆ ಮೊದಲಿನ ವೆಚ್ಚದ ನೂರಕ್ಕೆ 28 ಮಾತ್ರ ಉಳಿಯುತ್ತದೆ, ಎಂದರೆ 4.2 ವ್ಯಾಟ್. ಚಲನೆಯಿಲ್ಲದೆಯೂ ಸೋರಿಹೋಗುವ ಅಲ್ಪಾಂಶವನ್ನು ಸೇರಿಸಿ 5 ವ್ಯಾಟ್ ಎಂದು ಹಿಡಿಯಬಹುದು. ಕೆಲಸದ ವೇಗ ಅರ್ಧವಾಯಿತು, ವೆಚ್ಚವು ಮೂರನೆಯ ಒಂದು ಪಾಲಿಗೆ ಇಳಿಯಿತು.

ಪರದೆ, ಡಿಸ್ಕು, ವೈ-ಫೈ ಮುಂತಾದವುಗಳಿಗೆ 6 ವ್ಯಾಟ್ ತಗಲುವುದೆಂದು ಇಟ್ಟುಕೊಂಡರೆ, ಪೂರ್ಣ ವೇಗದಲ್ಲಿ ಎಡೆಬಿಡದೆ ದುಡಿಯುವ ಯಂತ್ರ ಒಟ್ಟು 21 ವ್ಯಾಟ್, ಅರ್ಧವೇಗದ ಯಂತ್ರ 11 ವ್ಯಾಟ್ ಬಳಸುತ್ತದೆ. ಹೊಸತಿದ್ದಾಗ 40 ವ್ಯಾಟ್-ಗಂಟೆ ಹಿಡಿಯುತ್ತಿದ್ದ ಬ್ಯಾಟರಿಯು ಹಳತಾಗಿ 20 ವ್ಯಾಟ್-ಗಂಟೆ ಮಾತ್ರ ಹಿಡಿಯುತ್ತಿದೆ ಎಂದುಕೊಂಡರೆ ಮೊದಲನೆಯದು 57 ನಿಮಿಷಕ್ಕೆ ಆರುತ್ತದೆ. ಎರಡನೆಯದು 109 ನಿಮಿಷ ನಡೆಯುತ್ತದೆ. 40 ನಿಮಿಷದ ಪಿರಿಯಡ್ ಲೆಕ್ಕದಲ್ಲಿ ಹೇಳುವುದಾದರೆ, ಕರೆಂಟಿಲ್ಲದ ಮಧ್ಯಾಹ್ನ ಒಂದು ಯಂತ್ರವು ಎರಡನೆಯ ಪಿರಿಯಡ್ಡಿನ ನಡುವೆಯೇ ಕೈಕೊಡುತ್ತದೆ, ಇನ್ನೊಂದು ಎರಡನ್ನೂ ಮುಗಿಸಿ ಮೂರನೆಯದಕ್ಕೆ ಕಾಲಿಡುತ್ತದೆ. ಹೆಸ್ಕಾಂ ಪೂರೈಕೆಯ ವೇಳೆಗೆ ಪಾಠದ ವೇಳೆಯನ್ನು ಹೊಂದಿಸಿಕೊಳ್ಳಬೇಕಾದ ಹಳ್ಳಿಯ ಶಾಲೆಗೆ ಈ ಅಂತರ ಸಣ್ಣದಲ್ಲ.

ಹಾಗಾದರೆ ವೇಗವನ್ನು ಏರಿಸುವವರು, ಇಳಿಸುವವರು ಯಾರು? ಪ್ರತಿ ಕ್ಷಣವೂ ಮನುಷ್ಯ ಕುಳಿತು ಇದನ್ನು ಮಾಡಲಾಗದು. ಲಿನಕ್ಸಿನಲ್ಲಿ ಈ ಕಾರ್ಯಕ್ಕೆ ನೇಮಕವಾದ ತಂತ್ರಾಂಶದ ಭಾಗವನ್ನು ಗವರ್ನರ್ ಎಂದು ಕರೆಯುತ್ತಾರೆ. ಈ ಹೆಸರು ರಾಜಭವನದಿಂದ ಬಂದುದಲ್ಲ, ಎಂಜಿನ್ ಮನೆಯಿಂದ ಬಂದುದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ಗವರ್ನರನ್ನು ಜೋಡಿಸಿದನು. ಯಂತ್ರದ ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಸರಿದು ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. ವೇಗ ಕಡಿಮೆಯಾದರೆ ಒಳಕ್ಕೆ ಬಂದು ದಾರಿ ತೆರೆಯುತ್ತಿದ್ದವು.

ಬೆಳಗಾವಿ ಜಿಲ್ಲೆಯ ರೈತರಿಗೆ ಗವರ್ನರ್ ಹೊಸ ಮಾತೇನೂ ಅಲ್ಲ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಕಬ್ಬಿಣದ ನೇಗಿಲಿನ ಉದ್ಯಮಕ್ಕೆ ಇಳಿದು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರ ಮನೆತನದಿಂದಲೇ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಕಂಪನಿಯು ಹುಟ್ಟಿತು. ವಿದ್ಯುತ್ ಪಂಪುಗಳು ಬರುವ ಮುನ್ನ ಬಾವಿಯ ದಂಡೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಕಬ್ಬಿನ ಗಾಣದಲ್ಲಿ ದುಡಿದುದು ಇಂಥ ಎಂಜಿನ್ನುಗಳೇ. ಗಾಣಕ್ಕೆ ಕಬ್ಬು ಕೊಟ್ಟೊಡನೆ ಎಂಜಿನ್ನಿನ ದನಿ ತುಸು ಕುಗ್ಗಿ, ಮರುಕ್ಷಣ ಗವರ್ನರ್ ಎಣ್ಣೆಯನ್ನು ಹೆಚ್ಚಿಸಿ ಅದನ್ನು ಎತ್ತಿ ನಿಲ್ಲಿಸುವುದನ್ನು ಕೇಳಿದ ಹಿರಿಯರು ಇನ್ನೂ ಇದ್ದಾರೆ. ಗವರ್ನರಿನ ಸ್ಪ್ರಿಂಗ್ ಸರಿಯಿಲ್ಲದ ಎಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿದು ಉಯ್ಯಾಲೆಯಾಡುವುದನ್ನೂ ಅವರು ಕೇಳಿರುತ್ತಾರೆ. ಈ ಉಯ್ಯಾಲೆಯ ಗಣಿತವನ್ನು ಇಂಗ್ಲೆಂಡಿನ ರಾಯಲ್ ಸೊಸೈಟಿಯ ಮುಂದೆ 1868ರಲ್ಲಿ ಪ್ರಬಂಧರೂಪದಲ್ಲಿ ಇಟ್ಟವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ಕಾಂತ ತರಂಗಗಳ ಸಿದ್ಧಾಂತವನ್ನು ಕೊಟ್ಟ ಅದೇ ಮಹಾಶಯ. ಪ್ರೊಸೆಸರಿನ ಗವರ್ನರ್ ಬರೆಯುವವರಿಗೂ ಈ ಉಯ್ಯಾಲೆಯ ಕಾಟ ತಪ್ಪಿದುದಲ್ಲ.

ಇಲ್ಲೊಂದು ಭೇದವನ್ನು ಗುರುತಿಸಬೇಕು. ಎಂಜಿನ್ನಿನ ಗವರ್ನರ್ ಭಾರ ಎಷ್ಟೇ ಬದಲಾದರೂ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಹೆಣಗುತ್ತದೆ. ಪ್ರೊಸೆಸರಿನ ಗವರ್ನರ್ ಭಾರಕ್ಕೆ ತಕ್ಕಂತೆ ವೇಗವನ್ನೇ ಬದಲಿಸುತ್ತದೆ. ಆ ದೃಷ್ಟಿಯಿಂದ ಅದಕ್ಕೆ ಹೆಚ್ಚು ಸಮೀಪದ ಹೋಲಿಕೆಯೆಂದರೆ ಕಾಲುವೆಯ ನೀರುಗಂಟಿ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಅಂಥ ಅಣೆಕಟ್ಟಿನ ಕಾಲುವೆಯಲ್ಲಿ ಹೊಲಗಳ ಬೇಡಿಕೆ ನೋಡಿ ತೂಬನ್ನು ಎತ್ತಿ ಇಳಿಸುವ ಕೆಲಸದಂತೆಯೇ ಇದೂ ಒಂದು ಕೆಲಸ.

ಲಿನಕ್ಸಿನಲ್ಲಿ ಸ್ವಭಾವಭೇದವುಳ್ಳ ಹಲವು ಗವರ್ನರುಗಳಿವೆ. ಪರ್ಫಾರ್ಮೆನ್ಸ್ ಎಂಬುದು ತೂಬನ್ನು ಸದಾ ಪೂರ್ತಿ ತೆರೆದಿಡುತ್ತದೆ. ಪವರ್‌ಸೇವ್ ಎಂಬುದು ಸದಾ ಕನಿಷ್ಠ ಮಟ್ಟದಲ್ಲಿಡುತ್ತದೆ. ಯೂಸರ್‌ಸ್ಪೇಸ್ ಎಂಬುದು ತಾನೇನನ್ನೂ ನಿರ್ಧರಿಸದೆ ಯಜಮಾನನು ಹೇಳಿದ ವೇಗವನ್ನು ಪಾಲಿಸುತ್ತದೆ. ಈ ಮೂರರಲ್ಲಿ ಬುದ್ಧಿಯ ಕೆಲಸವೇನೂ ಇಲ್ಲ. 2004ರಲ್ಲಿ ಸೇರಿದ ಆನ್‌ಡಿಮ್ಯಾಂಡ್ ಎಂಬುದನ್ನು ಇಂಟೆಲ್ ಕಂಪನಿಯ ವೆಂಕಟೇಶ್ ಪಲ್ಲಿಪಾಡಿ ಮತ್ತು ಜುನ್ ನಕಾಜಿಮಾ ರಚಿಸಿದರು. ಅದು ಸೆಕೆಂಡಿನ ಸಣ್ಣ ಅಂಶಗಳಲ್ಲಿ ಮತ್ತೆ ಮತ್ತೆ ಪ್ರೊಸೆಸರು ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂದು ಅಳೆಯುತ್ತದೆ. ದುಡಿಮೆಯು ನಿಗದಿಯಾದ ಮಿತಿಯನ್ನು ಮೀರಿತೋ, ಒಮ್ಮೆಲೇ ಗರಿಷ್ಠ ವೇಗಕ್ಕೆ ನೆಗೆಯುತ್ತದೆ. ಭಾರ ಕಡಿಮೆಯಾದಾಗ ಇಳಿಯುತ್ತದೆ. ಕನ್ಸರ್ವೇಟಿವ್ ಎಂಬುದು ಅದರ ತಮ್ಮನಿದ್ದಂತೆ. ಆದರೆ ನೆಗೆಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಬ್ಯಾಟರಿಯ ಮೇಲೆ ನಡೆಯುವ ಯಂತ್ರಕ್ಕೆ ಹೊಂದುತ್ತದೆ.

2016ರಲ್ಲಿ ಬಂದ ಶೆಡ್‌ಯುಟಿಲ್ ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿಯಿತು. ಆನ್‌ಡಿಮ್ಯಾಂಡ್ ಎಂಬ ನೀರುಗಂಟಿ ಕಾಲುವೆಯ ಮಟ್ಟವನ್ನು ಆಗಾಗ ನೋಡಿ ಬೇಡಿಕೆಯನ್ನು ಊಹಿಸುತ್ತಾನೆ. ಶೆಡ್‌ಯುಟಿಲ್ ಎಂಬವನು ಯಾವ ಹೊಲಕ್ಕೆ ಎಷ್ಟು ನೀರು ಬೇಕೆಂಬ ಪಟ್ಟಿಯನ್ನೇ ಕೈಯಲ್ಲಿ ಹಿಡಿದಿರುತ್ತಾನೆ. ಯಾವ ಕೆಲಸವನ್ನು ಯಾವಾಗ ಪ್ರೊಸೆಸರಿಗೆ ಒಪ್ಪಿಸಬೇಕೆಂದು ನಿರ್ಣಯಿಸುವ ಶೆಡ್ಯೂಲರ್ ಎಂಬ ಭಾಗವು ಲಿನಕ್ಸಿನಲ್ಲಿ ಮೊದಲಿನಿಂದ ಇದೆ. ಅದರ ಲೆಕ್ಕವನ್ನೇ ನೇರವಾಗಿ ಪಡೆದು ವೇಗವನ್ನು ನಿರ್ಧರಿಸುವುದು ಇದರ ವಿಶೇಷ. ಇದನ್ನು ರೂಪಿಸಿದ ಪೋಲೆಂಡಿನ ರಾಫೆಲ್ ವೈಸೊಕಿ ಮತ್ತು ಭಾರತದ ವಿರೇಶ್ ಕುಮಾರ್ ಈ ಇಡೀ ವಿಭಾಗದ ಪಾಲಕರಾಗಿ ದುಡಿಯುತ್ತ ಬಂದಿದ್ದಾರೆ.

ಲಿನಕ್ಸಿನ ಈ ವೇಗ ನಿಯಂತ್ರಣದ ಚರಿತ್ರೆಯು ಕರ್ನಾಟಕವನ್ನು ಒಂದು ಕಡೆ ಸ್ವಾರಸ್ಯಕರವಾಗಿ ಹಾಯ್ದು ಹೋಗುತ್ತದೆ. ವೇಗ ಬದಲಿಸುವ ಮೊದಲ ಪ್ರಯತ್ನಗಳು 2000-2001ರ ಸುಮಾರಿಗೆ ನಡೆದುದು ದೊಡ್ಡ ಗಣಕಗಳಲ್ಲಲ್ಲ, ಕೈಯಲ್ಲಿ ಹಿಡಿಯುವ ಯಂತ್ರಗಳಿಗೆಂದು ಮಾಡಿದ ಸ್ಟ್ರಾಂಗ್‌ಆರ್ಮ್ ಎಂಬ ಪುಟ್ಟ ಪ್ರೊಸೆಸರಿನ ಮೇಲೆ. ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆ ಪ್ರಯೋಗ ನಡೆಯಿತು. ಬ್ರಿಟನ್ನಿನ ರಸೆಲ್ ಕಿಂಗ್, ತರುವಾಯ ಡೊಮಿನಿಕ್ ಬ್ರೊಡೊವ್ಸ್ಕಿ ಎಂಬವರು ಅದನ್ನು ಎಲ್ಲ ಬಗೆಯ ಪ್ರೊಸೆಸರುಗಳಿಗೂ ಹೊಂದುವಂತೆ ಬೆಳೆಸಿದರು. ಸ್ಟ್ರಾಂಗ್‌ಆರ್ಮಿನ ವೇಗವನ್ನು ತಂತ್ರಾಂಶದ ಮೂಲಕವೇ 59 ಮೆಗಾಹರ್ಟ್ಸಿನಿಂದ 206ರವರೆಗೆ ಮೆಟ್ಟಿಲುಗಳಲ್ಲಿ ಏರಿಸಲು ಅವಕಾಶವಿತ್ತು.

ಅದೇ ವರ್ಗದ ಪ್ರೊಸೆಸರನ್ನು ಅದೇ ದಿನಗಳಲ್ಲಿ ಬೆಂಗಳೂರಿನವರೂ ಆಯ್ದುಕೊಂಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ 1999ರಲ್ಲಿ ಕಟ್ಟಿದ ಸಿಂಪ್ಯೂಟರ್ ಟ್ರಸ್ಟ್, ಓದುಬರಹ ಬಾರದವರೂ ಬಳಸಬಲ್ಲ ಅಗ್ಗದ ಕೈಗಣಕವನ್ನು ರೂಪಿಸಲು ಹೊರಟಿತು. ಸಿಂಪ್ಯೂಟರ್ ಲಿನಕ್ಸಿನ ಮೇಲೆ ನಡೆಯುತ್ತಿತ್ತು. ಬರೆದುದನ್ನು ಕನ್ನಡದಲ್ಲಿಯೂ ಓದಿ ಹೇಳುವ ತಂತ್ರಾಂಶ ಅದಕ್ಕಿತ್ತು. ಅದರ ಮೊದಲ ವಿನ್ಯಾಸವು ಮೂರು ಸಣ್ಣ ಬ್ಯಾಟರಿ ಸೆಲ್ಲುಗಳ ಮೇಲೆ ನಡೆಯುವಂತಿತ್ತು. ಕರೆಂಟಿನ ಭರವಸೆಯಿಲ್ಲದ ಹಳ್ಳಿಯನ್ನು ಕಣ್ಣ ಮುಂದಿಟ್ಟುಕೊಂಡವರು ಮಿತವಾಗಿ ವಿದ್ಯುತ್ತು ಬಳಸುವ ಪ್ರೊಸೆಸರನ್ನೇ ಹುಡುಕಬೇಕಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ಅಮಿಡಾ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತಾದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಸೋಲಿನ ಕಾರಣಗಳು ಬೇರೆಯೇ ಇರಬಹುದು. ಆದರೆ ಅದರ ನಿರ್ಮಾತೃಗಳು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು. ಯಂತ್ರ ಎಷ್ಟು ಓಡಬಲ್ಲದು ಎಂಬುದಕ್ಕಿಂತ ಇರುವ ವಿದ್ಯುತ್ತಿನಲ್ಲಿ ಎಷ್ಟು ಹೊತ್ತು ಕೆಲಸಕ್ಕೆ ಬಂದೀತು ಎಂಬುದು ಹಳ್ಳಿಯ ಶಾಲೆಗೆ ಇಂದಿಗೂ ದೊಡ್ಡ ಪ್ರಶ್ನೆ.

ಇನ್ನು ವೇಗವನ್ನು ಕಾಣುವ ಬಗೆ. ಲಿನಕ್ಸ್ ಯಂತ್ರದಲ್ಲಿ ಸಿಸ್ ಎಂಬ ಕೋಶವೊಂದಿದೆ. ಅದರೊಳಗೆ ಡಿವೈಸಸ್, ಸಿಸ್ಟಮ್, ಸಿಪಿಯು, ಸಿಪಿಯು0, ಸಿಪಿಯುಫ್ರೀಕ್ ಎಂಬ ಕೋಶಗಳನ್ನು ಒಂದರೊಳಗೊಂದಾಗಿ ತೆರೆಯುತ್ತ ಹೋದರೆ ಕೊನೆಗೆ ಕೆಲವು ಪುಟ್ಟ ಕಡತಗಳು ಸಿಕ್ಕುತ್ತವೆ. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಸ್ಕೇಲಿಂಗ್ ಗವರ್ನರ್ ಎಂಬ ಕಡತದಲ್ಲಿ ಸದ್ಯ ಅಧಿಕಾರದಲ್ಲಿರುವ ಗವರ್ನರಿನ ಹೆಸರಿರುತ್ತದೆ. ಸ್ಕೇಲಿಂಗ್ ಕರ್ ಫ್ರೀಕ್ ಎಂಬುದರಲ್ಲಿ ಈ ಕ್ಷಣದ ವೇಗ, ಸ್ಕೇಲಿಂಗ್ ಮ್ಯಾಕ್ಸ್ ಫ್ರೀಕ್ ಎಂಬುದರಲ್ಲಿ ಗವರ್ನರ್ ಮೀರಬಾರದ ಮೇಲ್ಮಿತಿ, ಎರಡೂ ಕಿಲೊಹರ್ಟ್ಸಿನಲ್ಲಿರುತ್ತವೆ. 1600000 ಎಂದಿದ್ದರೆ 1.6 ಗಿಗಾಹರ್ಟ್ಸ್. ಯಾವ ಹೊಸ ತಂತ್ರಾಂಶವೂ ಬೇಕಿಲ್ಲ. ಹತ್ತನೆಯ ತರಗತಿಯ ಹುಡುಗನೂ ತೆರೆದು ಓದಬಹುದು. ಭೌತಶಾಸ್ತ್ರದ ತಾಸಿನಲ್ಲಿ ಇದನ್ನು ತೋರಿಸಿದರೆ ಮಕ್ಕಳು ಬಲು ಕುತೂಹಲದಿಂದ ನೋಡಿಯಾರು.

ಬದಲಿಸುವುದಕ್ಕೆ ಮಾತ್ರ ಯಂತ್ರದ ಯಜಮಾನ ಬಳಕೆದಾರನ ಗುಪ್ತಪದ ಬೇಕು. ಸಿಪಿಯುಪವರ್ ಎಂಬ ಆಜ್ಞೆಯಿಂದ ಗವರ್ನರನ್ನಾಗಲಿ ಮೇಲ್ಮಿತಿಯನ್ನಾಗಲಿ ಬದಲಿಸಬಹುದು. ಯಂತ್ರವನ್ನು ಮುಚ್ಚಿ ತೆರೆದೊಡನೆ ಬದಲಾವಣೆ ಅಳಿಸಿಹೋಗುವುದರಿಂದ ಪ್ರಯೋಗ ಮಾಡುವವರು ಅಂಜಬೇಕಾದುದಿಲ್ಲ. ಆಜ್ಞೆಗಳ ಗೊಡವೆ ಬೇಡವೆನ್ನುವವರಿಗೆ ಸುಲಭದ ದಾರಿಯೂ ಇದೆ. 2021ರಿಂದೀಚಿನ ಗ್ನೋಮ್ ಪರದೆಯುಳ್ಳ ಲಿನಕ್ಸ್ ಯಂತ್ರಗಳಲ್ಲಿ ಬ್ಯಾಟರಿಗೆ ಸಂಬಂಧಿಸಿದ ಆಯ್ಕೆಗಳ ಪೈಕಿ ಪವರ್ ಸೇವರ್, ಬ್ಯಾಲೆನ್ಸ್ಡ್ ಎಂಬ ಎರಡು ಕ್ರಮಗಳೂ, ಯಂತ್ರ ಒಪ್ಪುವುದಾದರೆ ಪರ್ಫಾರ್ಮೆನ್ಸ್ ಎಂಬ ಮೂರನೆಯದೂ ಇರುತ್ತವೆ. ತರಗತಿಯ ಕೆಲಸಕ್ಕೆ ನಡುವಿನದು ಸಾಕು. ಕರೆಂಟು ಹೋದಾಗ ಮೊದಲನೆಯದು.

ಹೆಸರುಗಳಿಂದ ಆಗುವ ಒಂದು ಗೊಂದಲವನ್ನು ಇಲ್ಲಿಯೇ ಪರಿಹರಿಸುವುದು ಉಚಿತ. 2011ರ ಈಚಿನ ಬಹುಪಾಲು ಇಂಟೆಲ್ ಪ್ರೊಸೆಸರುಗಳಿಗೆ 2013ರಿಂದ ಪಿ-ಸ್ಟೇಟ್ ಎಂಬ ಪ್ರತ್ಯೇಕ ಚಾಲಕ ತಂತ್ರಾಂಶವಿದೆ. ಅದು ಸಾಮಾನ್ಯವಾಗಿ ಪರ್ಫಾರ್ಮೆನ್ಸ್, ಪವರ್‌ಸೇವ್ ಎಂಬ ಎರಡೇ ಹೆಸರುಗಳನ್ನು ತೋರಿಸುತ್ತದೆ. ಇಲ್ಲಿನ ಪವರ್‌ಸೇವ್ ಎಂದರೆ ಸದಾ ಕನಿಷ್ಠ ವೇಗ ಎಂದು ಅರ್ಥವಲ್ಲ. ಅದು ಭಾರಕ್ಕೆ ತಕ್ಕಂತೆ ಏರಿಳಿಯುತ್ತದೆ. ಹೆಸರನ್ನು ಕಂಡು ಗಾಬರಿಯಾಗಿ ಪರ್ಫಾರ್ಮೆನ್ಸಿಗೆ ಬದಲಿಸಿದವರು ಯಂತ್ರವನ್ನು ಅನಾವಶ್ಯಕವಾಗಿ ಕಾಯಿಸುತ್ತಾರೆ.

ನಿಧಾನಗೊಳಿಸಿದರೆ ಯಾವಾಗಲೂ ಉಳಿತಾಯವೇ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೇಲಿನ ಯಂತ್ರದಲ್ಲಿಯೇ ಪೂರ್ಣ ವೇಗದಲ್ಲಿ 10 ನಿಮಿಷ ಹಿಡಿಯುವ ಒಂದು ಕೆಲಸವಿದೆ, ಅದು ಮುಗಿದೊಡನೆ ಯಂತ್ರವನ್ನು ಮುಚ್ಚಲಾಗುತ್ತದೆ ಎನ್ನೋಣ. ಆಗ 21 ವ್ಯಾಟಿನಂತೆ 10 ನಿಮಿಷಕ್ಕೆ 210 ವ್ಯಾಟ್-ನಿಮಿಷ ವೆಚ್ಚ. ಅರ್ಧವೇಗದಲ್ಲಿ ಅದೇ ಕೆಲಸಕ್ಕೆ 11 ವ್ಯಾಟಿನಂತೆ 20 ನಿಮಿಷಕ್ಕೆ 220 ವ್ಯಾಟ್-ನಿಮಿಷ. ಪರದೆಯು ಇಮ್ಮಡಿ ಹೊತ್ತು ಉರಿದುದರಿಂದ ಲಾಭವೆಲ್ಲ ಅದಕ್ಕೇ ಹೋಯಿತು. ಆದರೆ ಪಾಠದ ಮಾತು ಬೇರೆ. 40 ನಿಮಿಷವೂ ಪರದೆ ಹೇಗೂ ಉರಿಯಲೇಬೇಕು. ಸುಮ್ಮನಿರುವ ಪ್ರೊಸೆಸರಿಗೆ 1 ವ್ಯಾಟ್ ಎಂದು ಹಿಡಿದರೆ, ಓಡಿ ಮುಗಿಸಿ ಸುಮ್ಮನಿರುವ ಕ್ರಮದಲ್ಲಿ ಒಟ್ಟು ವೆಚ್ಚ 420, ನಿಧಾನವಾಗಿ ಮುಗಿಸುವ ಕ್ರಮದಲ್ಲಿ 360. ಏಳರಲ್ಲೊಂದು ಪಾಲು ಉಳಿಯಿತು. ಇದೇನೂ ಪವಾಡವಲ್ಲ, ಪರದೆಯ ಬೆಳಕನ್ನು ತುಸು ಇಳಿಸುವುದರಿಂದಲೂ ಹೀಗೆಯೇ ಗಮನಾರ್ಹವಾದ ಉಳಿತಾಯವಾದೀತು. ಎರಡನ್ನೂ ಮಾಡುವುದು ಜಾಣತನ.

ಶಾಖದ ವಿಷಯಕ್ಕೆ ಬಂದರೆ ಈ ಸೀಮೆಯ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಬಹುತೇಕ ಲ್ಯಾಪ್‌ಟಾಪಿನ ಪ್ರೊಸೆಸರು 100 ಡಿಗ್ರಿಯ ಆಸುಪಾಸಿನಲ್ಲಿ ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗವನ್ನು ಕುಗ್ಗಿಸುತ್ತದೆ. ಫ್ಯಾನು ಹೊರಹಾಕುವ ಶಾಖವು ಪ್ರೊಸೆಸರಿಗೂ ಕೋಣೆಯ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಕೋಣೆ 25 ಡಿಗ್ರಿಯಿದ್ದಾಗ ಆ ಅಂತರ 75. ಸವದತ್ತಿ, ರಾಮದುರ್ಗಗಳ ಬೇಸಿಗೆಯ ಮಧ್ಯಾಹ್ನ ತಗಡಿನ ಸೂರಿನ ಕೋಣೆ 40 ಮುಟ್ಟಿದಾಗ ಅಂತರ 60 ಮಾತ್ರ. ಅದೇ ಫ್ಯಾನು, ಅದೇ ಯಂತ್ರ, ಆದರೆ ಶಾಖ ಹೊರಹಾಕುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಕಡಿಮೆ. ತಂಪು ಕೋಣೆಯಲ್ಲಿ ಚೆನ್ನಾಗಿ ನಡೆದ ಲ್ಯಾಪ್‌ಟಾಪು ಇಲ್ಲಿ ಮಾರ್ಚಿನಲ್ಲಿ ಮುಗ್ಗರಿಸಿದರೆ ಕೊಟ್ಟವರನ್ನಾಗಲಿ ತೆಗೆದುಕೊಂಡವರನ್ನಾಗಲಿ ದೂರಬೇಕಾದುದಿಲ್ಲ.

ಇದಕ್ಕೆ ಹತ್ತಿಯ ಎಳೆಯೂ ಕೂಡುತ್ತದೆ. ಬೈಲಹೊಂಗಲದ ಕರಿಮಣ್ಣಿನ ಧೂಳು, ಹತ್ತಿಯ ನವಿರು, ಮಗ್ಗದ ಮನೆಯ ನೂಲಿನ ಹುಡಿ ಫ್ಯಾನಿನ ಬಾಯಲ್ಲಿ ಸೇರಿಕೊಂಡು ಕಂಬಳಿಯಂತೆ ಕೂಡುತ್ತವೆ. ಅದನ್ನು ತೆಗೆಸದೆ ಯಾವ ಗವರ್ನರನ್ನು ನೇಮಿಸಿದರೂ ಪ್ರಯೋಜನ ಕಡಿಮೆ. ತೆಗೆಸಿದ ಬಳಿಕವೂ ಯಂತ್ರ ಕಾಯುತ್ತಿದ್ದರೆ ಟರ್ಬೊ ಎಂಬುದನ್ನು ನಿಲ್ಲಿಸಬಹುದು. 2008ರಿಂದೀಚೆಗೆ ಇಂಟೆಲ್ ಪ್ರೊಸೆಸರುಗಳಿಗೆ ತಮ್ಮ ಮೂಲವೇಗವನ್ನು ಮೀರಿ ಸ್ವಲ್ಪ ಕಾಲ ಓಡುವ ಶಕ್ತಿಯನ್ನು ಈ ಹೆಸರಿನಿಂದ ಕೊಟ್ಟಿದ್ದಾರೆ. ಮೊದಲು ಹೇಳಿದ ಸಿಪಿಯು ಕೋಶದಲ್ಲಿರುವ ಇಂಟೆಲ್ ಪಿ-ಸ್ಟೇಟ್ ಎಂಬ ಕೋಶದೊಳಗೆ ನೊ ಟರ್ಬೊ ಎಂಬ ಕಡತವಿದೆ. ಅದರಲ್ಲಿ 1 ಎಂದು ಬರೆದರೆ ಆ ಓಟ ನಿಲ್ಲುತ್ತದೆ. ಪಾಠದ ಚಿತ್ರ ತೋರಿಸಲು, ಕನ್ನಡ ಟೈಪು ಮಾಡಲು, ಅಂಕಪಟ್ಟಿ ಕೂಡಿಸಲು ಅದರ ಅಗತ್ಯವೂ ಇಲ್ಲ. ಫ್ಯಾನಿನ ಕೂಗಾಟ ಮಾತ್ರ ಗಣನೀಯವಾಗಿ ಇಳಿಯುತ್ತದೆ.

ಕೊನೆಯದಾಗಿ ಚಕ್ಕಡಿಯಂತೆ ನಡೆಯುವ ಯಂತ್ರದ ಪ್ರಶ್ನೆ. ಇದರ ಪರೀಕ್ಷೆ ಸುಲಭ. ಒಂದು ವಿಡಿಯೊವನ್ನು ಓಡಿಸಿ, ಆಗ ಸ್ಕೇಲಿಂಗ್ ಕರ್ ಫ್ರೀಕ್ ಕಡತವನ್ನು ನೋಡಬೇಕು. ಸೆನ್ಸರ್ಸ್ ಎಂಬ ಆಜ್ಞೆಯಿಂದ ಉಷ್ಣತೆಯನ್ನೂ ನೋಡಬೇಕು. ವೇಗವು ಮೊದಲು ಏರಿ, ಉಷ್ಣತೆ 90 ದಾಟಿದ ಮೇಲೆ ಕುಸಿಯುತ್ತಿದ್ದರೆ ದೋಷವಿರುವುದು ಧೂಳಿನಲ್ಲಿ ಅಥವಾ ಪ್ರೊಸೆಸರಿನ ಮೇಲಿನ ಒಣಗಿದ ಶಾಖವಾಹಕ ಪೇಸ್ಟಿನಲ್ಲಿ. ಕೆಲವು ನೂರು ರೂಪಾಯಿಯ ರಿಪೇರಿ. ಆದರೆ ಯಂತ್ರ ತಣ್ಣಗಿದ್ದೂ ವೇಗವು 800 ಮೆಗಾಹರ್ಟ್ಸಿನಂಥ ಕನಿಷ್ಠ ಮಟ್ಟಕ್ಕೆ ಅಂಟಿಕೊಂಡು ಕದಲದಿದ್ದರೆ, ಮೇಲ್ಮಿತಿಯ ಕಡತವನ್ನು ಒಮ್ಮೆ ನೋಡಿ, ಅಲ್ಲಿಯೂ ದೋಷವಿಲ್ಲದಿದ್ದರೆ ಚಾರ್ಜರನ್ನು ಸಂಶಯಿಸಬೇಕು. ಕೆಲವು ಲ್ಯಾಪ್‌ಟಾಪುಗಳು ತಮ್ಮ ಮೂಲ ಚಾರ್ಜರನ್ನು ಗುರುತಿಸಬಲ್ಲವು. ಗುರುತು ಸಿಗದಿದ್ದರೆ, ಬಂದ ವಿದ್ಯುತ್ತು ಸಾಲದೆಂದು ಭಾವಿಸಿ ಪ್ರೊಸೆಸರನ್ನು ಕನಿಷ್ಠ ವೇಗದಲ್ಲಿ ಕಟ್ಟಿಹಾಕುತ್ತವೆ. ತೀರ ಸತ್ತುಹೋದ ಬ್ಯಾಟರಿಯೂ ಕೆಲವೊಮ್ಮೆ ಇದೇ ಪರಿಣಾಮವನ್ನುಂಟುಮಾಡುತ್ತದೆ. ಆಗ ಗವರ್ನರನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ. ಕಟ್ಟು ಹಾಕಿರುವುದು ಲಿನಕ್ಸ್ ಅಲ್ಲ, ಯಂತ್ರದ ತಳದಲ್ಲಿರುವ ಕಂಪನಿಯ ತಂತ್ರಾಂಶ.

ಕಾಣಿಕೆಯ ಲ್ಯಾಪ್‌ಟಾಪುಗಳಲ್ಲಿ ಈ ದೋಷಕ್ಕೆ ಎಡೆ ಹೆಚ್ಚು. ಯಂತ್ರವನ್ನು ಕೊಡುವಾಗ ಮೂಲ ಚಾರ್ಜರು ಮನೆಯ ಇನ್ನೊಂದು ಕೆಲಸಕ್ಕೆಂದು ಉಳಿದು, ಶಾಲೆಗೆ ಪೇಟೆಯ ಅಗ್ಗದ ಚಾರ್ಜರು ಬರುತ್ತದೆ. ಯಂತ್ರ ನಡೆಯುತ್ತದೆ, ಆದರೆ ಕುಂಟುತ್ತದೆ. ಕುಂಟುವ ಕಾರಣ ಗೊತ್ತಾಗದೆ ಮೂರು ತಿಂಗಳಲ್ಲಿ ಬೀರು ಸೇರುತ್ತದೆ. ದಾನಿಗಳು ಯಂತ್ರದೊಡನೆ ಅದರದೇ ಚಾರ್ಜರನ್ನು ಕಳುಹಿಸುವುದು, ಚಾರ್ಜರಿನ ಮೇಲೆ ಬರೆದ ವ್ಯಾಟ್ ಸಂಖ್ಯೆಯನ್ನು ಯಂತ್ರದ ಬೆನ್ನಿನ ಮೇಲೊಂದು ಚೀಟಿಯಲ್ಲಿ ಅಂಟಿಸುವುದು, ಶಿಕ್ಷಕರು ಯಂತ್ರ ಬಂದ ದಿನವೇ ವಿಡಿಯೊ ಪರೀಕ್ಷೆ ನಡೆಸಿ ವೇಗ ಮತ್ತು ಉಷ್ಣತೆಯನ್ನು ದಾಸ್ತಾನು ರಿಜಿಸ್ಟರಿನಲ್ಲಿ ಆ ಯಂತ್ರದ ಹೆಸರಿನ ಮುಂದೆ ಬರೆದಿಡುವುದು, ಇವಿಷ್ಟಕ್ಕೆ ಹಿಡಿಯುವ ಹೊತ್ತು ಕಾಲು ತಾಸು. ಮುಂದಿನ ಬೇಸಿಗೆಯಲ್ಲಿ ಯಂತ್ರ ಮುಗ್ಗರಿಸಿದಾಗ ಹೋಲಿಸಿ ನೋಡಲು ಆ ಎರಡು ಅಂಕಿಗಳೇ ಆಧಾರ.